ಚೆಂಡು ಒದೆಯುವವರು, ಮತ ಹಾಕುವವರು

2025ರ ನವೆಂಬರ್ 30, ಭಾನುವಾರ. ಅಹಮದಾಬಾದಿನ ಕಾಂಕರಿಯಾ ಬಳಿಯ ಏಕಾ ಅರೀನಾದಲ್ಲಿ ಹದಿನೇಳು ವರ್ಷದೊಳಗಿನ ನಮ್ಮ ಹುಡುಗರು ಇರಾನ್ ತಂಡವನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಮೊದಲು ಗೋಲು ಬಿಟ್ಟುಕೊಟ್ಟು, ಆಮೇಲೆ ಎರಡು ಹೊಡೆದು ಗೆದ್ದ ಆಟ. ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲವೆಂಬಂತಿರುವ ಈ ಊರಿನಲ್ಲಿ ಕಾಲ್ಚೆಂಡಿಗೆ ಇಂಥದೊಂದು ದಿನ ಬಂದದ್ದು ಸಣ್ಣ ಮಾತಲ್ಲ.

ಅದೇ ತಿಂಗಳ ಮೊದಲ ವಾರದಲ್ಲಿ ಬಂದಿದ್ದ ಸುದ್ದಿ ಬೇರೆಯೇ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಕೊಟ್ಟಿತ್ತು. ಆ ಕರಾರು ಮುಗಿಯುತ್ತ ಬಂದಾಗ ಇಂಡಿಯನ್ ಸೂಪರ್ ಲೀಗಿನ ಹಕ್ಕಿಗಾಗಿ ಟೆಂಡರು ಕರೆದರೆ, ಒಬ್ಬರೂ ಮುಂದೆ ಬರಲಿಲ್ಲ. ಅದಕ್ಕೂ ಮೊದಲೇ, ಆಗಸ್ಟ್‌ನಲ್ಲಿ, ಲೀಗಿನ ಭವಿಷ್ಯ ತಿಳಿಯದೆಂದು ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಸಂಬಳವನ್ನು ನಿಲ್ಲಿಸಿತ್ತು. ಹುಡುಗರು ಗೆಲ್ಲುತ್ತಿರುವಾಗ ಸಂಸ್ಥೆ ಹೀಗೇಕೆ ಮುಗ್ಗರಿಸುತ್ತದೆ? ಈ ಗಂಟನ್ನು ಬಿಡಿಸಹೊರಟರೆ ದೆಹಲಿಯಲ್ಲಿ ನಿಲ್ಲಲಾಗದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದವರೆಗೆ ಹೋಗಬೇಕಾಗುತ್ತದೆ. ಜಗತ್ತಿನ ಫುಟ್‌ಬಾಲನ್ನು ಆಳುವ ಫಿಫಾ ಸಂಸ್ಥೆ ಇರುವುದು ಅಲ್ಲಿ.

2015ರ ಮೇ 27ರ ನಸುಕಿನಲ್ಲಿ ಸ್ವಿಸ್ ಪೊಲೀಸರು ಜ್ಯೂರಿಕ್‌ನ ಬೌರ್ ಓ ಲಾಕ್ ಹೋಟೆಲಿಗೆ ನುಗ್ಗಿ ಏಳು ಮಂದಿ ಫುಟ್‌ಬಾಲ್ ಅಧಿಕಾರಿಗಳನ್ನು ಹಿಡಿದರು. ಮೊಕದ್ದಮೆ ಹೂಡಿದ್ದು ಅಮೆರಿಕದ ಸರ್ಕಾರ; ಆರೋಪ, ಪ್ರಸಾರ ಹಕ್ಕುಗಳ ವ್ಯವಹಾರದಲ್ಲಿ 15 ಕೋಟಿ ಡಾಲರಿಗೂ ಮಿಕ್ಕ ಲಂಚ. ಎರಡೇ ದಿನ ಕಳೆದು ಅದೇ ಊರಿನಲ್ಲಿ ಸೆಪ್ ಬ್ಲಾಟರ್ ಐದನೆಯ ಬಾರಿಗೆ ಅಧ್ಯಕ್ಷರಾಗಿ ಆರಿಸಿ ಬಂದರು! ನಾಲ್ಕು ದಿನದಲ್ಲಿ ಕೆಳಗಿಳಿಯುವುದಾಗಿ ಅವರೇ ಹೇಳಬೇಕಾಯಿತು ಎನ್ನುವುದು ಬೇರೆ ಮಾತು. ನ್ಯಾಯಕ್ಕೆ ಇದನ್ನೂ ಹೇಳಬೇಕು: ಬ್ಲಾಟರ್ ಮತ್ತು ಪ್ಲಾಟಿನಿಯವರ ಮೇಲಿದ್ದ 20 ಲಕ್ಷ ಸ್ವಿಸ್ ಫ್ರಾಂಕಿನ ಪ್ರಕರಣದಲ್ಲಿ ಸ್ವಿಸ್ ನ್ಯಾಯಾಲಯಗಳು 2022ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಅವರನ್ನು ನಿರ್ದೋಷಿಗಳೆಂದವು. ಆದ್ದರಿಂದ ಎಲ್ಲರನ್ನೂ ಕಳ್ಳರೆನ್ನುವುದು ನಮ್ಮ ಉದ್ದೇಶವಲ್ಲ. ಪೊಲೀಸರು ಬಂದುಹೋದ ಎರಡನೆಯ ದಿನವೂ ಹಳೆಯ ಅಧ್ಯಕ್ಷರಿಗೇ ಮತ ಹಾಕುವಂಥ ಸಭೆ ಎಂಥದು ಎಂಬುದು ನಮ್ಮ ಪ್ರಶ್ನೆ.

ನಮ್ಮಂಥ ಸಂಘಗಳ ವಾರ್ಷಿಕ ಸಭೆಯನ್ನು ವಾಚಕರು ನೆನೆಸಿಕೊಳ್ಳಲಿ. ರಾಜ್ಯೋತ್ಸವದ ಊಟಕ್ಕೆ ಎಷ್ಟಾಯಿತು, ಶಾಮಿಯಾನದವನಿಗೆ ಎಷ್ಟು ಕೊಟ್ಟಿರಿ ಎಂದು ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿಯೇ ಕೇಳುತ್ತಾರೆ. ಖಜಾಂಚಿಯವರು ಬೆವರೊರೆಸಿಕೊಂಡು ರಸೀತಿ ಹುಡುಕುತ್ತಾರೆ. ಕಿರಿಕಿರಿಯೇ ಸರಿ, ಆದರೆ ಕೇಳುವವರು ಚಂದಾ ಕೊಟ್ಟವರು, ಊಟ ಮಾಡಿದವರು. ಫಿಫಾದ ಮಹಾಸಭೆಯಲ್ಲಿ ಇದೆಲ್ಲ ತಲೆಕೆಳಗು. ಹಣ ಬರುವುದು ಟಿಕೆಟ್ ಕೊಳ್ಳುವವರಿಂದ, ಟಿ.ವಿ. ನೋಡುವವರಿಂದ. 2019ರಿಂದ 2022ರವರೆಗಿನ ನಾಲ್ಕು ವರ್ಷದಲ್ಲಿ ಬಂದ ವರಮಾನ ಸುಮಾರು 750 ಕೋಟಿ ಡಾಲರು. ಅವರಾರಿಗೂ ಸಭೆಯಲ್ಲಿ ಕುರ್ಚಿಯಿಲ್ಲ. ಕುರ್ಚಿಯಿರುವುದು 211 ರಾಷ್ಟ್ರೀಯ ಸಂಸ್ಥೆಗಳಿಗೆ, ತಲಾ ಒಂದು ಮತ. ಅವಕ್ಕೆ ಅಭಿವೃದ್ಧಿಯ ಲೆಕ್ಕದಲ್ಲಿ ಜ್ಯೂರಿಕ್‌ನಿಂದಲೇ ಹಣ ಹೋಗುತ್ತದೆ; 2023ರಿಂದ 2026ರ ಅವಧಿಗೆ ಒಂದೊಂದಕ್ಕೆ 80 ಲಕ್ಷ ಡಾಲರುಗಳವರೆಗೆ. ಕೊಡುವವನನ್ನು ಪಡೆಯುವವನು ಲೆಕ್ಕ ಕೇಳುವುದುಂಟೆ?

ಒಂದು ದೇಶಕ್ಕೆ ಒಂದು ಮತ ಎಂಬ ಪದ್ಧತಿಯಲ್ಲಿ ನ್ಯಾಯವಿಲ್ಲವೆಂದಲ್ಲ. 1974ರಲ್ಲಿ ಬ್ರೆಜಿಲಿನ ಹ್ಯಾವೆಲಾಂಜ್ ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್‌ರನ್ನು ಸೋಲಿಸಿದ್ದು ಏಷ್ಯಾ ಆಫ್ರಿಕಾಗಳ ಬಡ ಸಂಸ್ಥೆಗಳ ಬೆಂಬಲದಿಂದ. ಯುರೋಪಿನವರ ಯಜಮಾನಿಕೆ ಕರಗಿತೆಂದು ನಮ್ಮಂಥ ದೇಶದವರು ಹಿಗ್ಗಿದ್ದು ಸಹಜ. ಆದರೆ ಮತ ಸಮನಾದಂತೆ ಮತದ ಬೆಲೆಯೂ ಗೊತ್ತಾಯಿತು. 2011ರಲ್ಲಿ ಟ್ರಿನಿಡಾಡ್‌ನ ಹೋಟೆಲಿನಲ್ಲಿ ಕೆರಿಬಿಯನ್ ಪ್ರತಿನಿಧಿಗಳಿಗೆ ತಲಾ 40,000 ಡಾಲರಿನ ಲಕೋಟೆ ಹಂಚಿದ ಸಂಗತಿ ಹೊರಬಿತ್ತು. ಬಹಾಮಾದ ಪ್ರತಿನಿಧಿಯೊಬ್ಬರು ಹಣದ ಫೋಟೋ ತೆಗೆದುಕೊಂಡು ಲಕೋಟೆಯನ್ನು ಹಿಂತಿರುಗಿಸಿದರು. ಅಂಥವರೂ ಇದ್ದರಲ್ಲ ಎಂದು ಸಮಾಧಾನ. ಬ್ಲಾಟರ್ ನಂತರ 2016ರಲ್ಲಿ ಬಂದ ಇನ್ಫಾಂಟಿನೊ ಸುಧಾರಣೆಯ ಮಾತಾಡಿದರು. ಮೂರು ಅವಧಿಗಿಂತ ಹೆಚ್ಚು ಇರಕೂಡದೆಂಬ ನಿಯಮವೂ ಬಂತು. ಆದರೆ ಅವರ ಮೊದಲ ಮೂರು ವರ್ಷ ಪೂರ್ಣ ಅವಧಿಯಲ್ಲವೆಂದು ಸಂಸ್ಥೆಯೇ ಲೆಕ್ಕ ಹಾಕಿಕೊಟ್ಟಿತು.

ಇನ್ನು ನಮ್ಮ ಮನೆಗೆ ಬರೋಣ. ಭಾರತದ ಒಕ್ಕೂಟಕ್ಕೆ ಪ್ರಫುಲ್ ಪಟೇಲರು 2009ರಿಂದ ಅಧ್ಯಕ್ಷರು. ಕ್ರೀಡಾ ಸಂಹಿತೆಯಂತೆ ಅವರ ಅಧಿಕಾರದ ಮಿತಿ 2020ರ ಡಿಸೆಂಬರಿಗೆ ಮುಗಿದರೂ, ಸಂವಿಧಾನದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದೆಯೆಂದು ಚುನಾವಣೆ ನಡೆಯಲಿಲ್ಲ. 2022ರ ಮೇ ತಿಂಗಳಲ್ಲಿ ನ್ಯಾಯಾಲಯವೇ ಆಡಳಿತಗಾರರ ಸಮಿತಿಯನ್ನು ನೇಮಿಸಿತು. ಅದರ ಮುಖ್ಯಸ್ಥರು ನ್ಯಾಯಮೂರ್ತಿ ಅನಿಲ್ ದವೆ, ಹಿಂದೆ ಗುಜರಾತ್ ಹೈಕೋರ್ಟಿನಲ್ಲಿದ್ದವರು. ಆಗಸ್ಟ್‌ನಲ್ಲಿ ನ್ಯಾಯಾಲಯ ಒಪ್ಪಿದ ಏರ್ಪಾಡಿನಲ್ಲಿ ರಾಜ್ಯ ಸಂಸ್ಥೆಗಳ 36 ಮತಗಳ ಜೊತೆಗೆ ಹಿರಿಯ ಆಟಗಾರರ 36 ಮತಗಳು. ಚೆಂಡು ಒದ್ದವನಿಗೂ ಮತ! ಕೂಡಲೇ ಜ್ಯೂರಿಕ್ ಸಿಡುಕಿತು. ಮೂರನೆಯವರ ಅನುಚಿತ ಪ್ರಭಾವ ಎಂದು ಹೇಳಿ ಆಗಸ್ಟ್ ಮಧ್ಯದಲ್ಲಿ ಭಾರತವನ್ನು ಅಮಾನತಿನಲ್ಲಿಟ್ಟಿತು. ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟ್‌ನಲ್ಲಿ ಇಳಿದಿದ್ದ ಗೋಕುಲಂ ಕೇರಳದ ಹೆಣ್ಣುಮಕ್ಕಳು ಆಡದೆಯೇ ವಾಪಸಾದರು. ಅವರು ಮಾಡಿದ ತಪ್ಪೇನು? ಆಡಳಿತದ ತಪ್ಪಿಗೆ ಆಟಗಾರರಿಗೆ ದಂಡ ಹಾಕುವುದೇ ಈ ನಿಯಮದ ಬಲ. ಸರ್ಕಾರಗಳು ಕ್ರೀಡಾಸಂಸ್ಥೆಗಳನ್ನು ನುಂಗದಿರಲಿ ಎಂಬ ಸದುದ್ದೇಶ ಅದಕ್ಕಿದೆ, ಒಪ್ಪೋಣ. ಹಲವು ದೇಶಗಳಲ್ಲಿ ಆ ಭಯ ನಿಜವೂ ಹೌದು. ಆದರೆ ನ್ಯಾಯಾಲಯ ಚುನಾವಣೆ ನಡೆಸಿರೆಂದರೆ ಅದೂ ಹೊರಗಿನವರ ಕೈ ಎನ್ನುವುದಾದರೆ, ಒಳಗಿನವರನ್ನು ಪ್ರಶ್ನಿಸತಕ್ಕವರು ಯಾರು?

ಹದಿನೇಳರೊಳಗಿನ ಹೆಣ್ಣುಮಕ್ಕಳ ವಿಶ್ವಕಪ್ ಆ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲೇ ನಡೆಯಬೇಕಿತ್ತು. ಅದು ಕೈತಪ್ಪೀತೆಂಬ ಆತಂಕದಲ್ಲಿ ಎಲ್ಲವೂ ಹಿಂದಕ್ಕೆ ಹೋಯಿತು. (2020ಕ್ಕೆ ಗೊತ್ತಾಗಿದ್ದ ಐದು ಊರುಗಳಲ್ಲಿ ಅಹಮದಾಬಾದೂ ಒಂದಿತ್ತು. ಕೋವಿಡ್ ಕಾಲ ದಾಟಿ 2022ರಲ್ಲಿ ನಡೆಯುವಾಗ ಊರುಗಳು ಮೂರಾದವು, ನಮ್ಮದು ಬಿಟ್ಟುಹೋಯಿತು.) ಸಮಿತಿ ಹೋಯಿತು, ಆಟಗಾರರ ಮತಗಳೂ ಹೋದವು, ಅಮಾನತು ಆ ತಿಂಗಳಲ್ಲೇ ತೆರವಾಯಿತು. ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಗುಜರಾತ್ ಸಂಸ್ಥೆ ಸೂಚಿಸಿದ್ದ ಕಲ್ಯಾಣ್ ಚೌಬೆಯವರಿಗೆ 33 ಮತ, ಭಾರತಕ್ಕಾಗಿ ವರ್ಷಗಟ್ಟಲೆ ಆಡಿದ ನಾಯಕ ಭಾಯ್‌ಚುಂಗ್ ಭುಟಿಯಾರಿಗೆ 1. ಸೂಚಕರೊಬ್ಬರು, ಅನುಮೋದಕರೊಬ್ಬರು ಇದ್ದೂ ಒಂದೇ ಮತ! ಚೌಬೆಯವರೂ ಹಳೆಯ ಗೋಲ್‌ಕೀಪರರೇ. ಆಟಗಾರ ಸೋತ, ರಾಜಕಾರಣಿ ಗೆದ್ದ ಎಂದು ಕಥೆ ಕಟ್ಟುವುದು ಸರಿಯಲ್ಲ. ಆದರೆ 33ಕ್ಕೆ 1 ಎಂಬ ಲೆಕ್ಕ ಮೈದಾನದಲ್ಲಿ ಹುಟ್ಟುವಂಥದಲ್ಲ. ಕರ್ನಾಟಕ ಸಂಸ್ಥೆಯ ಅಧ್ಯಕ್ಷರಾಗಿದ್ದ ಶಾಸಕ ಎನ್.ಎ. ಹ್ಯಾರಿಸ್ ಅದೇ ಚುನಾವಣೆಯಲ್ಲಿ ಉಪಾಧ್ಯಕ್ಷರಾದರು.

ಮುಂದಿನದು ಕನ್ನಡಿಗರೆಲ್ಲ ಹೆಮ್ಮೆಪಟ್ಟ ಸಂಗತಿ. 2023ರ ಮಾರ್ಚ್ 4ರಂದು ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದಮೇಲೆ 54 ವರ್ಷ ಕಾದ ಗೆಲುವು. ಬೆಂಗಳೂರಿನವರು ನೋಡಿ ಕುಣಿಯಬೇಕಿತ್ತು. ಆದರೆ ಆಟ ನಡೆದದ್ದು ಸೌದಿ ಅರೇಬಿಯದ ರಿಯಾದ್‌ನಲ್ಲಿ! 1941ರಿಂದ ನಮ್ಮ ರಾಜ್ಯಗಳ ನಡುವೆ ನಡೆದುಬಂದ ಪಂದ್ಯಾವಳಿಯ ಕೊನೆಯ ಆಟಗಳನ್ನು ಒಕ್ಕೂಟವು ಸೌದಿಯ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿಗೆ ಒಯ್ದಿತು. ಲಂಚವಿತ್ತೆಂದು ನಾವು ಹೇಳುತ್ತಿಲ್ಲ. ಹೇಳಲು ಆಧಾರವೂ ಇಲ್ಲ. ಆ ಹುಡುಗರಿಗೆ ದೊಡ್ಡ ಕ್ರೀಡಾಂಗಣ ಸಿಕ್ಕಿತೆಂಬುದೂ ನಿಜ. ಆದರೆ ನಮ್ಮ ಆಟವನ್ನು ನಮ್ಮ ಕಣ್ಣಿನಿಂದ ದೂರ ಒಯ್ಯುವಾಗ ನೋಡುವವರನ್ನು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲವಲ್ಲ, ನೋವು ಅದು. 2024ರ ಡಿಸೆಂಬರ್ 11ರಂದು ಇದೇ ಸೌದಿಗೆ 2034ರ ವಿಶ್ವಕಪ್ ಸಿಕ್ಕಿತು. ಸ್ಪರ್ಧಿ ಒಬ್ಬರೇ, ಇಂಟರ್‌ನೆಟ್ ಮೂಲಕ ನಡೆದ ಸಭೆ, ಮತ ಎಣಿಸಲೂ ಇಲ್ಲ, ಚಪ್ಪಾಳೆ ತಟ್ಟಿ ಒಪ್ಪಿದರು. ಚಪ್ಪಾಳೆ ತಟ್ಟದವರು ಯಾರೆಂದು ತಿಳಿಯುವ ಬಗೆಯೆಂತು?

2025ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟು ಒಕ್ಕೂಟದ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ಹಿರಿಯ ಆಟಗಾರರು ಮತ್ತೆ ಸಭೆಯೊಳಕ್ಕೆ ಬಂದರು, 36 ಅಲ್ಲ, 15 ಮಂದಿ, ಅವರಲ್ಲಿ ಐವರು ಮಹಿಳೆಯರು. ಒಬ್ಬರೇ ರಾಜ್ಯದಲ್ಲೂ ಕೇಂದ್ರದಲ್ಲೂ ಅಧಿಕಾರ ಹಿಡಿಯಬಾರದೆಂಬ ನಿಯಮವೂ ಅದರಲ್ಲಿದೆ. ಸಂವಿಧಾನವನ್ನು ಅಂಗೀಕರಿಸಲು ಅಕ್ಟೋಬರಿನಲ್ಲಿ ಸಭೆ ಸೇರಿದಾಗ ಒಕ್ಕೂಟ ಹಿಂದೆಗೆದದ್ದು ಈ ನಿಯಮದ ಮುಂದೆಯೇ. ಎರಡು ಕುರ್ಚಿಯ ಸುಖ ಬಿಡುವುದು ಕಷ್ಟ.

ಇದು ದೂರದ ಮಾತೆಂದು ಗುಜರಾತಿನಲ್ಲಿರುವ ನಾವು ಸುಮ್ಮನಿರುವಂತಿಲ್ಲ. 2024ರಲ್ಲಿ ಶುರುವಾದ ಗುಜರಾತ್ ಸೂಪರ್ ಲೀಗಿನಲ್ಲಿ ಅಹಮದಾಬಾದಿನೊಂದಿಗೆ ವಡೋದರಾ, ಸೂರತ್ ಹೆಸರಿನ ತಂಡಗಳೂ ಆಡಿದವು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ನಾಳೆ ಅಲ್ಲಿ ಚೆಂಡು ಒದ್ದಾರು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ಕೊಡಲು 2025ರ ನವೆಂಬರಿನಲ್ಲಿ ತೀರ್ಮಾನವಾಯಿತು. ಅದರ ಖರ್ಚಿನಲ್ಲಿ ನಮ್ಮ ತೆರಿಗೆಯ ಪಾಲೂ ಇರುತ್ತದೆ. ಇನ್ನು ಫುಟ್‌ಬಾಲ್ ಒಕ್ಕೂಟದಲ್ಲಿ 2022ರಲ್ಲಿ ಬಂದ ಸಮಿತಿಯ ನಾಲ್ಕು ವರ್ಷ ತುಂಬುವುದು 2026ರ ಸೆಪ್ಟೆಂಬರಿಗೆ. ಹೊಸ ನಿಯಮದಂತೆ ಸಭೆಯಲ್ಲಿ ಕೂರುವ ಆ ಹದಿನೈದು ಆಟಗಾರರು ಯಾರು, ಅವರಲ್ಲಿ ಬೆಂಗಳೂರಿನವರು ಎಷ್ಟು ಮಂದಿ, ಎದ್ದುನಿಂತು ಏನು ಕೇಳುತ್ತಾರೆ ಎಂಬುದನ್ನು ನಾವಂತೂ ಪತ್ರಿಕೆಯ ಮೂಲೆಮೂಲೆಯಲ್ಲಿ ಹುಡುಕಿ ಓದುವವರಿದ್ದೇವೆ.