ವಿಡಿಯೋ ಆಟಗಳ ವಿಮರ್ಶೆಯಲ್ಲಿ ನಿಯಮದ ಸ್ಥಾನ

ವಿಡಿಯೋ ಆಟಗಳನ್ನು ಕುರಿತು ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯಗಳು ಎರಡು ಬಗೆಯವು. ಅವು ಹುಡುಗರ ಕಾಲವನ್ನೂ ಕಣ್ಣನ್ನೂ ಕೆಡಿಸುತ್ತವೆಂಬುದು ಒಂದು. ಅವುಗಳ ಚಿತ್ರ ಸೊಗಸು, ಕಥೆ ರೋಚಕ ಎಂಬುದು ಇನ್ನೊಂದು. ಮೊದಲನೆಯದು ನೀತಿಬೋಧೆ; ಎರಡನೆಯದು ಚಿತ್ರಕಲೆ, ಕಥನಕಲೆಗಳಿಂದ ಕಡ ತಂದ ಅಳತೆಗೋಲು. ಆಟವನ್ನು ಆಟವೆಂದೇ ಬೆಲೆಕಟ್ಟುವ ಪ್ರಯತ್ನ ಎರಡರಲ್ಲಿಯೂ ಇಲ್ಲ. ಆಟದ ಅರ್ಥವು ಮುಖ್ಯವಾಗಿ ಅದರ ನಿಯಮದಲ್ಲಿ ನೆಲೆಸಿರುತ್ತದೆ ಎಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸುವುದು ಈ ಲೇಖನದ ಉದ್ದೇಶ.

ನಮಗೆ ಪರಿಚಿತವಾದ ಹುಲಿ-ಕುರಿ ಆಟವನ್ನೇ ಮೊದಲು ನೋಡಬಹುದು. ಗುಡಿಯ ಹಾಸುಗಲ್ಲಿನ ಮೇಲೆ ಕೊರೆದ ಕೆಲವು ಗೆರೆಗಳು, ಕಾಯಿಗಳಾಗಿ ಹರಳುಕಲ್ಲುಗಳು. ಅಲ್ಲಿ ಚಿತ್ರವಿಲ್ಲ, ಕಥೆಯೂ ಇಲ್ಲ. ಹುಲಿ ಹಾರಿ ಕೊಲ್ಲಬಲ್ಲದು. ಕುರಿ ಕೊಲ್ಲಲಾರದು, ಆದರೆ ಗುಂಪುಗೂಡಿ ಹುಲಿಯ ದಾರಿ ಕಟ್ಟಬಲ್ಲದು. ಬಲಿಷ್ಠರಾದ ಕೆಲವರನ್ನು ದುರ್ಬಲರಾದ ಹಲವರು ಒಗ್ಗಟ್ಟಿನಿಂದ ತಡೆಯಬಹುದೆಂಬ ತಿಳಿವಳಿಕೆ ಯಾವ ಉಪದೇಶವೂ ಇಲ್ಲದೆ ಆಡುವವನಿಗೆ ದೊರೆಯುತ್ತದೆ. ಇಯಾನ್ ಬೋಗೋಸ್ಟ್ ಅವರು 2007ರ ತಮ್ಮ ಗ್ರಂಥದಲ್ಲಿ ನಿಯಮಗಳ ನಡೆಯೇ ಒಂದು ವಾದವನ್ನು ಹೂಡುತ್ತದೆಂದು ಪ್ರತಿಪಾದಿಸಿದುದರ ತಿರುಳೂ ಇದೇ.

ಪಬ್‌ಜಿಯ ನಿಯಮ ಇದಕ್ಕೆ ವಿರುದ್ಧವಾದುದು. ಸುಮಾರು ನೂರು ಜನ ಒಂದು ಪ್ರದೇಶಕ್ಕೆ ಇಳಿಯುತ್ತಾರೆ. ಸುರಕ್ಷಿತ ವಲಯ ಕಿರಿದಾಗುತ್ತ ಹೋಗುತ್ತದೆ. ಕೊನೆಗೆ ಒಬ್ಬನೋ ಒಂದು ತಂಡವೋ ಉಳಿಯಬೇಕು. 2020ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರ ಇದನ್ನು ನಿಷೇಧಿಸಿದುದು ದೇಶದ ಭದ್ರತೆ ಹಾಗೂ ಬಳಕೆದಾರರ ಮಾಹಿತಿಯ ಕಾರಣಕ್ಕಾಗಿ. ಉಳಿದವರೆಲ್ಲರೂ ಅಡ್ಡಿಗಳೆಂದು ಕಲಿಸುವ ಅದರ ನಿಯಮ ಆ ನಿರ್ಣಯದ ವಿಷಯವಾಗಿರಲಿಲ್ಲ.

ಪುಣೆಯ ಸಂಸ್ಥೆಯೊಂದು ರಚಿಸಿದ ‘ರಾಜಿ’ (2020) ಆಟದಲ್ಲಿ ತಮ್ಮನನ್ನು ಅರಸಿ ಹೊರಟ ಹುಡುಗಿಯ ಕಥೆಯಿದೆ. ಅದರ ವಾಸ್ತುಚಿತ್ರಣವನ್ನೂ ಪುರಾಣದ ಹಿನ್ನೆಲೆಯನ್ನೂ ಮೆಚ್ಚಿದ ವಿಮರ್ಶಕರಲ್ಲಿ ಹಲವರು ಕಾಳಗದ ಭಾಗ ಸಪ್ಪೆಯೆಂದರು. ಇದನ್ನು ಕೇವಲ ರುಚಿಭೇದವೆನ್ನಲಾಗದು. ನೋಡುವವನ ಅಳತೆಗೋಲು ಬೇರೆ, ಆಡುವವನದು ಬೇರೆ.

ಈ ಭೇದದ ಮಹತ್ತ್ವ ನಮ್ಮ ಭಾಗದವರಿಗೆ ಸ್ಪಷ್ಟವಾಗುವುದು ‘ಏಜ್ ಆಫ್ ಎಂಪಾಯರ್ಸ್ 3’ ಆಟದ 2007ರ ಏಷ್ಯಾ ಅನುಬಂಧದಲ್ಲಿ. ಅಲ್ಲಿ 1857ರ ದಂಗೆಯ ಕಥೆಯಿದೆ: ಕಂಪನಿಯ ಸೇವೆಯಲ್ಲಿದ್ದ ನನೀಬ್ ಸಾಹಿರ್ ಎಂಬ ಕಲ್ಪಿತ ಸೇನಾನಿ ಅದರ ವಿರುದ್ಧ ತಿರುಗುತ್ತಾನೆ. ಕಥೆಯ ಒಲವು ದಂಗೆಯ ಕಡೆಗಿದೆ. ಆದರೆ ನಿಯಮ? ಆಹಾರ, ಮರ, ಹಣ ಕೂಡಿಹಾಕುವುದು, ಪಡೆ ಕಟ್ಟುವುದು, ಎದುರಾಳಿಯ ನೆಲೆ ಅಳಿಸುವುದು. ದಂಗೆಯವನು ಮಾಡುವುದೂ ಕಂಪನಿ ಮಾಡುವುದೂ ಒಂದೇ.

ಇದರ ಪಕ್ಕದಲ್ಲಿ ನರಗುಂದವನ್ನು ಇಟ್ಟು ನೋಡಬೇಕು. ಸಂತಾನವಿಲ್ಲದ ಭಾಸ್ಕರರಾವ್ ಭಾವೆಯವರಿಗೆ ದತ್ತಕದ ಹಕ್ಕನ್ನು ಕಂಪನಿ ನಿರಾಕರಿಸಿತು. 1858ರ ಮೇ ಕೊನೆಯಲ್ಲಿ ಸುರೇಬಾನದಲ್ಲಿ ಮ್ಯಾನ್‌ಸನ್ ಹತನಾದನು. ಜೂನಿನಲ್ಲಿ ಕೋಟೆ ಬಿದ್ದಿತು. ಅದೇ ತಿಂಗಳು ಭಾವೆಯವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಇಲ್ಲಿ ಹೋರಾಟದ ಮೂಲದಲ್ಲಿದ್ದುದು ಒಂದು ಹಕ್ಕು, ಒಂದು ಅವಮಾನ. ಇವೆರಡನ್ನೂ ಎಣಿಸಲು ಆ ಆಟದಲ್ಲಿ ಯಾವ ಲೆಕ್ಕವೂ ಇಲ್ಲ. 2020ರ ಪರಿಷ್ಕೃತ ಆವೃತ್ತಿಯಲ್ಲಿ ‘ವಸಾಹತು ಯುಗ’ವು ‘ವಾಣಿಜ್ಯ ಯುಗ’ವಾಯಿತು, ಬೇರೆ ಕೆಲವು ವಿವರಗಳೂ ತಿದ್ದಲ್ಪಟ್ಟವು, ವಿಸ್ತಾರವೇ ಜಯವೆಂಬ ಮೂಲನಿಯಮ ಉಳಿದೇ ಉಳಿಯಿತು.

ಚದುರಂಗವೂ ಯುದ್ಧವನ್ನು ಸರಳಗೊಳಿಸುವುದಿಲ್ಲವೇ ಎಂದು ಕೇಳಬಹುದು. ನಿಜ; ಆದರೆ ಚದುರಂಗವು ತನ್ನನ್ನು ಯಾವುದೊಂದು ಇಸವಿಯ ಚರಿತ್ರೆಯೆಂದು ಹೇಳಿಕೊಳ್ಳುವುದಿಲ್ಲ. ಚರಿತ್ರೆಯ ಹೆಸರನ್ನು ಹೊತ್ತ ಆಟ ಆ ಹೆಸರಿಗೆ ಉತ್ತರ ಕೊಡಬೇಕಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. 1991ರ ‘ಸಿವಿಲೈಜೇಶನ್’ ಆಟದಲ್ಲಿ ಗಣನೆಯ ದೋಷದಿಂದ ಗಾಂಧೀಜಿ ಅಣ್ವಸ್ತ್ರಪ್ರಿಯರಾದರೆಂಬ ಕಥೆ ಬಹುಕಾಲ ಸತ್ಯವೆಂದೇ ಹಬ್ಬಿತ್ತು. ಅಂಥ ದೋಷವೇ ಇರಲಿಲ್ಲವೆಂದು ಅದರ ಕರ್ತೃ ಸಿಡ್ ಮೈಯರ್ 2020ರ ತಮ್ಮ ಆತ್ಮಕಥನದಲ್ಲಿ ಸ್ಪಷ್ಟಪಡಿಸಿದರು. ಕೃತಿಯನ್ನು ಓದದೆ ಬರೆದ ವಿಮರ್ಶೆಗೆ ಬೆಲೆಯಿಲ್ಲದಂತೆ, ನಿಯಮವನ್ನು ಪರೀಕ್ಷಿಸದೆ ಹೇಳಿದ ಅಭಿಪ್ರಾಯಕ್ಕೂ ಬೆಲೆಯಿಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ವಿದ್ಯಾರ್ಥಿಯ ಕೈಯಲ್ಲಿ ಇಂದು ಮೊಬೈಲ್ ಇದೆ, ಕಣ್ಣೆದುರಿಗೆ ಕೋಟೆಯಿದೆ. ಒಂದರಿಂದ ಇನ್ನೊಂದನ್ನು ಪ್ರಶ್ನಿಸಲು ಅವನು ಕಲಿತರೆ ಈ ವಿಮರ್ಶೆ ಕನ್ನಡದಲ್ಲಿ ಬೇರೂರೀತು.