ಅಂಗಡಿ ಮುಚ್ಚುವುದು ಯಾರ ಹಕ್ಕು?

ಉರ್ದುವಿನಲ್ಲಿ ಓದಿದವರಿಗೆ 'ಹಡ್‌ತಾಲ್' ಗೊತ್ತು, ಕನ್ನಡದಲ್ಲಿ ಓದಿದವರಿಗೆ 'ಹರತಾಳ' ಗೊತ್ತು. ಎರಡೂ ಒಂದೇ ಮಾತು. ಹಟ್ಟ ಎಂದರೆ ಅಂಗಡಿ, ತಾಲಾ ಎಂದರೆ ಬೀಗ. ಪ್ರತಿಭಟನೆಗೆ ನಮ್ಮ ಉಪಖಂಡ ಇಟ್ಟ ಹಳೆಯ ಹೆಸರಿನಲ್ಲೇ ಒಬ್ಬ ಅಂಗಡಿಯವನಿದ್ದಾನೆ. ಮುಷ್ಕರ ಎಂದಾಗ ಕಾರ್ಖಾನೆಯ ಗೇಟು ನೆನಪಾಗುತ್ತದೆ, ಬಂದ್ ಎಂದಾಗ ರಸ್ತೆಯಲ್ಲಿ ಉರಿಯುವ ಟೈರು ನೆನಪಾಗುತ್ತದೆ. ಹರತಾಳದಲ್ಲಿ ಮಾತ್ರ ಅಂಗಡಿಯವನು ತಾನಾಗಿ ಬೀಗ ಹಾಕಿ, ಕೀಲಿಕೈ ಜೇಬಿಗಿಳಿಸಿ ಮನೆಗೆ ಹೋಗುತ್ತಾನೆ. ಕನಿಷ್ಠ ಆ ಪದದ ಭರವಸೆ ಅದು.

ಬಂದ್ ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಬಲವಂತದಿಂದ ಮುಚ್ಚಿಸುವವರ ಬಗ್ಗೆ. 1997ರಲ್ಲಿ ಕೇರಳ ಹೈಕೋರ್ಟು ಬಂದ್ ಸಂವಿಧಾನಬಾಹಿರ ಎಂದು ತೀರ್ಪಿತ್ತಾಗಲೂ, ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿದಾಗಲೂ ನ್ಯಾಯಾಲಯದ ಕಣ್ಣ ಮುಂದಿದ್ದವನು ಕಲ್ಲು ಹಿಡಿದು ಬಂದು ಷಟರ್ ಎಳೆಸುವ ಕಾರ್ಯಕರ್ತ. ಅದು ಸರಿಯಾದ ತೀರ್ಪೇ. ಆದರೆ ಷಟರನ್ನು ಬಲವಂತದಿಂದ ಎತ್ತಿಸುವ ಕೈಯೂ ಒಂದಿರುತ್ತದೆ. ಅದು ಕಲ್ಲು ಹಿಡಿದು ಬರುವುದಿಲ್ಲ, ಕಡತ ಹಿಡಿದು ಬರುತ್ತದೆ. ಈ ಎರಡನೆಯ ಕೈ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ವೆನೆಜುವೆಲಾದಷ್ಟು ಸ್ಪಷ್ಟ ಉದಾಹರಣೆ ಇನ್ನೊಂದು ಸಿಗಲಾರದು.

2016ರ ಅಕ್ಟೋಬರ್ 28, ಶುಕ್ರವಾರ. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ದೇಶವ್ಯಾಪಿ ಮುಷ್ಕರಕ್ಕೆ ವಿರೋಧ ಪಕ್ಷಗಳ ಒಕ್ಕೂಟ ಕರೆ ಕೊಟ್ಟಿತ್ತು. ಮೆರವಣಿಗೆ ಬೇಡ, ಮನೆಯಲ್ಲೇ ಇರಿ, ಬೀದಿಗಳು ಖಾಲಿಯಾಗಿರಲಿ ಎಂಬುದು ಕರೆ. ಅದರ ಹಿನ್ನೆಲೆಯನ್ನು ತಿಳಿಯದೆ ಆ ದಿನದ ಅರ್ಥ ಆಗುವುದಿಲ್ಲ. ಅಲ್ಲಿನ ಸಂವಿಧಾನದಲ್ಲಿ ಅಧ್ಯಕ್ಷನನ್ನು ಅವಧಿಯ ಮಧ್ಯದಲ್ಲೇ ವಾಪಸು ಕರೆಸಿಕೊಳ್ಳುವ ಜನಮತಗಣನೆಗೆ ಅವಕಾಶವಿದೆ. ಅಧ್ಯಕ್ಷರಾಗಿದ್ದ ನಿಕೋಲಸ್ ಮದುರೊ ವಿರುದ್ಧ ಅಂಥದ್ದೊಂದು ಜನಮತಗಣನೆ ನಡೆಯಬೇಕಾದರೆ ಮತದಾರರಲ್ಲಿ ಶೇ. 20 ಮಂದಿಯ ಸಹಿ ಬೇಕಿತ್ತು. ಸಹಿ ಸಂಗ್ರಹಕ್ಕೆ ಗೊತ್ತಾಗಿದ್ದ ದಿನಗಳು ಅಕ್ಟೋಬರ್ 26, 27 ಮತ್ತು 28. ಮೊದಲ ಹಂತದ ಸಹಿಗಳಲ್ಲಿ ಮೋಸವಾಗಿದೆ ಎಂದು ಕೆಲವು ಪ್ರಾಂತಗಳ ನ್ಯಾಯಾಲಯಗಳು ಹೇಳಿದವು, ಅದನ್ನೇ ಹಿಡಿದುಕೊಂಡು ಚುನಾವಣಾ ಮಂಡಳಿ ಅಕ್ಟೋಬರ್ 20ರಂದು ಇಡೀ ಪ್ರಕ್ರಿಯೆಯನ್ನು ಅಮಾನತು ಮಾಡಿತು. ಅಂದರೆ ಮುಷ್ಕರ ನಡೆದದ್ದು ಜನ ಸಾಲಿನಲ್ಲಿ ನಿಂತು ಸಹಿ ಹಾಕಬೇಕಾಗಿದ್ದ ಕೊನೆಯ ದಿನ. ಕಾಗದದ ಮೇಲೆ ಸಹಿ ಹಾಕಲು ಬಿಡದ ದಿನ, ಎಳೆದ ಷಟರೇ ಸಹಿಯಾಗಬೇಕಾಯಿತು.

ಸರ್ಕಾರವೂ ಅದನ್ನು ಹಾಗೆಯೇ ಓದಿತು. ಹಿಂದಿನ ದಿನ ಮದುರೊ ಟಿ.ವಿ.ಯಲ್ಲಿ ಎರಡು ಮಾತು ಹೇಳಿದರು. ಒಂದು, ಆಹಾರ ಭತ್ಯೆ ಸೇರಿದಂತೆ ಕನಿಷ್ಠ ಆದಾಯದಲ್ಲಿ ಶೇ. 40ರಷ್ಟು ಏರಿಕೆ, ಆ ವರ್ಷದ ನಾಲ್ಕನೆಯ ಏರಿಕೆ ಅದು. ಎರಡು, ಕೆಲಸ ನಿಲ್ಲಿಸಿದ ಉದ್ಯಮವನ್ನು ಕಾರ್ಮಿಕರೂ ಕ್ರಾಂತಿಯೂ ವಶಕ್ಕೆ ತೆಗೆದುಕೊಳ್ಳುತ್ತವೆ ಎಂಬ ಎಚ್ಚರಿಕೆ. ನೌಕರನಿಗೆ ಬೆಲ್ಲ, ಮಾಲೀಕನಿಗೆ ಬೆತ್ತ. ದೇಶದ ದೊಡ್ಡ ಆಹಾರ ಕಂಪನಿಯಾದ ಪೋಲಾರ್‌ನ ಕಚೇರಿ ಮತ್ತು ಅದರ ಮುಖ್ಯಸ್ಥ ಲೊರೆಂಜೊ ಮೆಂಡೋಜ ಅವರ ಮನೆಯ ಮುಂದೆ ಗುಪ್ತಚರ ಪೊಲೀಸರು ಬಂದು ನಿಂತಿದ್ದು ವರದಿಯಾಯಿತು. ಉದ್ಯಮಿಗಳ ಮಹಾಸಂಘ ಫೆದೆಕಾಮರಸ್ ಮುಷ್ಕರಕ್ಕೆ ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬರುವುದು ಬಿಡುವುದು ನೌಕರರ ಇಷ್ಟ ಎಂದು ಕೈತೊಳೆದುಕೊಂಡಿತು.

ಇಂಥ ಬೆದರಿಕೆಗೆ ಹಲ್ಲು ಎಲ್ಲಿಂದ ಬಂತು? ಮದುರೊ ಸುಮ್ಮನೆ ಗುಡುಗುತ್ತಿರಲಿಲ್ಲ ಎಂಬುದು ಪ್ರತಿ ವ್ಯಾಪಾರಿಗೂ ಗೊತ್ತಿತ್ತು. ಅದೇ ವರ್ಷ ಜುಲೈಯಲ್ಲಿ ಕಿಂಬರ್ಲಿ ಕ್ಲಾರ್ಕ್ ಕಂಪನಿ ಕಚ್ಚಾ ಸಾಮಗ್ರಿಯಿಲ್ಲವೆಂದು ಉತ್ಪಾದನೆ ನಿಲ್ಲಿಸಿದಾಗ ಸರ್ಕಾರ ಆ ಕಾರ್ಖಾನೆಯನ್ನು ವಶಪಡಿಸಿಕೊಂಡಿತ್ತು. ಅದಕ್ಕೂ ಮೊದಲು, ಏಪ್ರಿಲ್ ಕೊನೆಯಲ್ಲಿ, ಪೋಲಾರ್ ತನ್ನ ಬಿಯರ್ ತಯಾರಿಕೆಯನ್ನು ನಿಲ್ಲಿಸಿತ್ತು. ಬಿಯರ್ ನಿಂತಿತೆಂದು ನಮ್ಮ ಓದುಗರು ಮರುಗಬೇಕಾಗಿಲ್ಲ. ನಿಂತ ಕಾರಣವನ್ನು ಮಾತ್ರ ಗಮನಿಸಬೇಕು. ಬಾರ್ಲಿ ಹೊರದೇಶದಿಂದ ಬರಬೇಕು, ಅದಕ್ಕೆ ಡಾಲರ್ ಬೇಕು, ಆಗ ಡಾಲರ್ ಕೊಡುತ್ತಿದ್ದುದು ಸರ್ಕಾರ ಮಾತ್ರ. ಸರ್ಕಾರ ಕೊಡಲಿಲ್ಲ ಎಂಬುದು ಕಂಪನಿಯ ದೂರು. ಅರೇಪಾ ಎಂಬ ಅಲ್ಲಿನ ಮೆಕ್ಕೆಜೋಳದ ರೊಟ್ಟಿಗೆ ಹಿಟ್ಟು ಮಾಡುವುದೂ ಇದೇ ಕಂಪನಿ. ಡಾಲರಿನ ತಿಜೋರಿಯೂ ಬೆಲೆ ಕಟ್ಟುವ ಅಧಿಕಾರವೂ ಮುಟ್ಟುಗೋಲಿನ ಆಜ್ಞೆಯೂ ಒಂದೇ ಕೈಯಲ್ಲಿದ್ದರೆ, ಮುಷ್ಕರದ ದಿನ ಪೊಲೀಸ್ ವ್ಯಾನು ಬರಲೇಬೇಕೆಂದಿಲ್ಲ. ನಾಳೆ ಬಾರ್ಲಿ ಬರುತ್ತದೋ ಇಲ್ಲವೋ ಎಂಬ ಲೆಕ್ಕವೇ ಷಟರ್ ಎತ್ತಿಸುತ್ತದೆ.

ಈ ಡಾಲರಿನ ಬೀಗ ಹುಟ್ಟಿದ್ದೂ ಒಂದು ಮುಷ್ಕರದಿಂದಲೇ. 2002ರ ಡಿಸೆಂಬರ್ 2ರಿಂದ ಸುಮಾರು ಎರಡು ತಿಂಗಳು ಹ್ಯೂಗೊ ಚಾವೆಜ್ ಸರ್ಕಾರದ ವಿರುದ್ಧ ನಡೆದ ಮುಷ್ಕರ ಅದು. ಅದರ ಮುಂದಾಳುಗಳು ಉದ್ಯಮಿಗಳ ಸಂಘ, ಹಳೆಯ ಕಾರ್ಮಿಕ ಒಕ್ಕೂಟ ಮತ್ತು ಸರ್ಕಾರಿ ತೈಲ ಕಂಪನಿಯ ಮೇಲಧಿಕಾರಿಗಳು. ದಿನಕ್ಕೆ ಸುಮಾರು 30 ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದ ದೇಶದಲ್ಲಿ ಉತ್ಪಾದನೆ ಕೆಲವೇ ಲಕ್ಷಕ್ಕೆ ಕುಸಿಯಿತು. ಪೆಟ್ರೋಲು ಉಕ್ಕುವ ನಾಡಿನಲ್ಲಿ ಪೆಟ್ರೋಲಿಗೆ ಸಾಲು. ಬೇಸ್‌ಬಾಲ್ ಎಂದರೆ ಪ್ರಾಣ ಬಿಡುವ ಜನ, ಆ ವರ್ಷದ ಲೀಗ್ ಪಂದ್ಯಾವಳಿಯೇ ರದ್ದಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಇದನ್ನು ಮುಷ್ಕರ ಎನ್ನುವುದೇ ಅರ್ಧ ಸತ್ಯ. ಎಷ್ಟೋ ಕಡೆ ಬಾಗಿಲು ಹಾಕಿದವನು ಮಾಲೀಕ, ಹೊರಗುಳಿದವನು ನೌಕರ. ಕಾರ್ಮಿಕ ಕಾನೂನಿನ ಭಾಷೆಯಲ್ಲಿ ಅದು ಬೀಗಮುದ್ರೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಉದ್ಯಮಿಗಳ ಸಂಘದ ಅಧ್ಯಕ್ಷ ಪೆದ್ರೊ ಕಾರ್ಮೋನ ಚುನಾಯಿತ ಸರ್ಕಾರವನ್ನು ಉರುಳಿಸಿ ಎರಡು ದಿನದ ಮಟ್ಟಿಗೆ ತಾನೇ ಅಧ್ಯಕ್ಷನೆಂದು ಪ್ರಮಾಣವಚನ ಸ್ವೀಕರಿಸಿದ್ದನ್ನೂ ಮರೆಯುವಂತಿಲ್ಲ. ಚಾವೆಜ್‌ಗೆ ಸಿಟ್ಟು ಬರಲು ಕಾರಣವಿತ್ತು.

ಆ ಸಿಟ್ಟು ಹೋದ ದಾರಿಯನ್ನು ನೋಡಿ. 2003ರ ಜನವರಿ 17ರಂದು ನ್ಯಾಷನಲ್ ಗಾರ್ಡ್ ಪಡೆಯ ಜನರಲ್ ಅಕೋಸ್ತಾ ಕಾರ್ಲೆಸ್ ವೆಲೆನ್ಸಿಯಾ ನಗರದಲ್ಲಿ ಕೋಕಾ ಕೋಲಾ ದಾಸ್ತಾನಿಗೆ ನುಗ್ಗಿ, ಬಾಟಲಿಗಳನ್ನು ಹೊರತೆಗೆಸಿ, ಟಿ.ವಿ. ಕ್ಯಾಮೆರಾಗಳ ಮುಂದೆ ಕುಡಿದು ದೊಡ್ಡದಾಗಿ ತೇಗಿದರು. ಆ ತೇಗು ದೇಶದಾದ್ಯಂತ ಪ್ರಸಿದ್ಧವಾಯಿತು. ಮುಂದಿನ ವರ್ಷ ಅವರು ಅದೇ ಪ್ರಾಂತದ ಗವರ್ನರಾಗಿ ಆರಿಸಿಬಂದರು. ಫೆಬ್ರವರಿಯಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಬಂತು. ಸಂಚುಕೋರರಿಗೆ ಒಂದು ಡಾಲರನ್ನೂ ಕೊಡುವುದಿಲ್ಲ ಎಂಬುದು ಚಾವೆಜ್ ಆಗ ಬಹಿರಂಗವಾಗಿ ಆಡಿದ ಮಾತು. ಅದೇ ತಿಂಗಳು ಉದ್ಯಮಿಗಳ ಸಂಘದ ಆಗಿನ ಅಧ್ಯಕ್ಷ ಕಾರ್ಲೋಸ್ ಫರ್ನಾಂಡಿಸ್ ರೆಸ್ಟೋರೆಂಟೊಂದರಿಂದ ಬಂಧನಕ್ಕೊಳಗಾದರು. ತೈಲ ಕಂಪನಿಯಿಂದ ಸುಮಾರು 18,000 ಮಂದಿಯನ್ನು ತೆಗೆದುಹಾಕಲಾಯಿತು. ಬಂಡವಾಳ ಹೊರಹೋಗದಂತೆ ತಡೆಯಲು ವಿನಿಮಯ ನಿಯಂತ್ರಣ ಬೇಕಿತ್ತು ಎಂಬ ವಾದವನ್ನು ಅರ್ಥಶಾಸ್ತ್ರಜ್ಞರು ಬೇಕಾದರೆ ಒಪ್ಪಲಿ. ಆದರೆ ಅದು ಯಾರಿಗೆ ಸಿಗಬಾರದು ಎಂದು ಹುಟ್ಟಿದ ದಿನವೇ ಹೇಳಿಕೊಂಡ ನಿಯಮ, ನಿಯಮವಾಗಿ ಉಳಿಯುವುದು ಹೇಗೆ?

ನಮ್ಮ ವಲಯಗಳಲ್ಲಿ ಚಾವೆಜ್‌ಗೆ ವಿಶೇಷ ಆದರವಿತ್ತು. ಇರಾಕ್ ಯುದ್ಧದ ಕಾಲದಲ್ಲಿ ಬುಷ್‌ಗೆ ಎದುರು ಮಾತಾಡಿದವರು, 2009ರಲ್ಲಿ ಗಾಜಾ ದಾಳಿಯನ್ನು ಖಂಡಿಸಿ ಇಸ್ರೇಲ್ ರಾಯಭಾರಿಯನ್ನು ಹೊರಹಾಕಿದವರು ಎಂಬ ಆದರ. ಅದಕ್ಕೆ ಆಧಾರವೂ ಇತ್ತು. ಆದರೆ ದೂರದ ದೊರೆ ನಮ್ಮ ಶತ್ರುವನ್ನು ಬೈದನೆಂದು ಅವನ ಊರಿನ ಕಿರಾಣಿಯವನ ಮೇಲೆ ಬಿದ್ದ ಏಟನ್ನು ಲೆಕ್ಕಕ್ಕೆ ಹಿಡಿಯದಿರುವುದು ಯಾವ ನ್ಯಾಯ? ಪರವಾನಗಿ ರದ್ದು, ದಿಢೀರ್ ತಪಾಸಣೆ, ತೆರಿಗೆ ನೋಟೀಸು ಇವೆಲ್ಲ ನಮಗೆ ಹೊಸತಲ್ಲ. ಯಾವ ಊರಿನ ಸಣ್ಣ ವ್ಯಾಪಾರಿಯನ್ನು ಕೇಳಿದರೂ, ಕಾಗದಪತ್ರ ಎಲ್ಲ ಸರಿಯಿದ್ದರೂ ಅಧಿಕಾರಿ ಮನಸ್ಸು ಮಾಡಿದರೆ ಒಂದು ತಪ್ಪು ಸಿಕ್ಕೇ ಸಿಗುತ್ತದೆ ಎನ್ನುತ್ತಾನೆ.

ಸಣ್ಣ ವ್ಯಾಪಾರಿಯ ಪಾಡನ್ನು ಇಲ್ಲಿ ಬೇರೆಯಾಗಿಯೇ ನೋಡಬೇಕು. ಮೆಂಡೋಜರಿಗೆ ವಕೀಲರಿದ್ದರು, ಮನೆ ಮುಂದೆ ಪೊಲೀಸರು ನಿಂತರೆ ಜಗತ್ತಿನ ಪತ್ರಿಕೆಗಳು ಬರೆದವು. ಬೀದಿ ಬದಿಯ ಗೂಡಂಗಡಿಯವಳಿಗೆ ಎರಡೂ ಇಲ್ಲ. 2016ರ ಹಣದುಬ್ಬರ ಶೇ. 274 ಎಂದು ಅಲ್ಲಿನ ಕೇಂದ್ರ ಬ್ಯಾಂಕೇ ಮೂರು ವರ್ಷ ತಡವಾಗಿ ಒಪ್ಪಿಕೊಂಡಿತು. ಅಂಥ ಕಾಲದಲ್ಲಿ ಒಂದು ದಿನದ ವ್ಯಾಪಾರ ಬಿಟ್ಟರೆ ಮರುದಿನ ಅದೇ ಹಣಕ್ಕೆ ಅಷ್ಟೇ ಸರಕು ಬಾರದು. ಹೀಗಾಗಿ ಅಂದು ತೆರೆದಿದ್ದ ಅಂಗಡಿಗಳಲ್ಲಿ ಹೆದರಿ ತೆರೆದವು ಯಾವುವು, ಹಸಿದು ತೆರೆದವು ಯಾವುವು, ಮದುರೊ ಮೇಲಿನ ಪ್ರೀತಿಯಿಂದ ತೆರೆದವು ಯಾವುವು ಎಂದು ಬೀದಿಯಲ್ಲಿ ನಿಂತು ಹೇಳುವುದು ಸಾಧ್ಯವಿರಲಿಲ್ಲ. ವಿರೋಧ ಪಕ್ಷದವರೂ ಈ ಕಷ್ಟವನ್ನು ಯೋಚಿಸಿದಂತೆ ಕಾಣುವುದಿಲ್ಲ. ದಿನಗೂಲಿಯವನ ಅನ್ನವನ್ನು ತಮ್ಮ ಸಹಿಪುಸ್ತಕ ಮಾಡಿಕೊಂಡರು. ಅವನು ಬಾಗಿಲು ತೆರೆದರೆ ಸರ್ಕಾರದ ಖಾತೆಗೆ, ಮುಚ್ಚಿದರೆ ಇವರ ಖಾತೆಗೆ. ನಮ್ಮ ಊರುಗಳಲ್ಲಿ ಬಂದ್ ದಿನ ಅಂಗಡಿಯವರು ಷಟರನ್ನು ಅರ್ಧ ಎಳೆದು ಒಳಗೆ ಕುಳಿತಿರುತ್ತಾರಲ್ಲ, ಆ ಅರ್ಧ ಷಟರಿಗೆ ಅಲ್ಲಿ ಯಾರ ಲೆಕ್ಕದಲ್ಲೂ ಜಾಗವಿರಲಿಲ್ಲ.

ಅಂದು ಕರಾಕಸ್‌ನ ಬೀದಿಗಳು ಎಂದಿಗಿಂತ ಸ್ವಲ್ಪ ಖಾಲಿ ಇದ್ದವು, ಆದರೂ ಅನೇಕ ಅಂಗಡಿಗಳು ತೆರೆದಿದ್ದವು. ತೈಲ ಕಂಪನಿ ನಿಲ್ಲಲಿಲ್ಲ. ಅಕ್ಟೋಬರ್ 30ರಂದು ವ್ಯಾಟಿಕನ್ ಮಧ್ಯಸ್ಥಿಕೆಯಲ್ಲಿ ಮಾತುಕತೆ ಶುರುವಾಯಿತು; ನವೆಂಬರ್ 3ಕ್ಕೆ ಅಧ್ಯಕ್ಷರ ಅರಮನೆಗೆ ಕರೆದಿದ್ದ ಮೆರವಣಿಗೆಯನ್ನು ವಿರೋಧ ಪಕ್ಷಗಳು ಕೈಬಿಟ್ಟವು. ಆ ಜನಮತಗಣನೆ ನಡೆಯಲೇ ಇಲ್ಲ.

ಸಹಿಗೂ ಷಟರಿಗೂ ಇರುವ ಒಂದು ವ್ಯತ್ಯಾಸವನ್ನು ಹೇಳಬೇಕು. ಚಾವೆಜ್ ವಿರುದ್ಧ 2004ರಲ್ಲಿ ಜನಮತಗಣನೆ ನಡೆದಾಗ (ಅದರಲ್ಲಿ ಅವರೇ ಗೆದ್ದರು) ಅದಕ್ಕೆ ಸಹಿ ಹಾಕಿದವರ ಪಟ್ಟಿಯನ್ನು ಆಳುವ ಪಕ್ಷದ ಸಂಸದ ಲೂಯಿಸ್ ತಾಸ್ಕೋನ್ ಪ್ರಕಟಿಸಿದ್ದರು. ಆ ಪಟ್ಟಿಯಲ್ಲಿ ಹೆಸರಿದ್ದ ಕಾರಣಕ್ಕೆ ಸರ್ಕಾರಿ ಕೆಲಸ ಕಳೆದುಕೊಂಡ ಮೂವರು ಮಹಿಳೆಯರ ಪರವಾಗಿ ಅಮೆರಿಕ ಖಂಡದ ಮಾನವ ಹಕ್ಕು ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. ಹದಿನಾಲ್ಕು ವರ್ಷ ಹಿಡಿಯಿತು, ಆದರೂ ಸಿಕ್ಕಿತು. ಯಾಕೆಂದರೆ ಸಹಿ ಕಾಗದದ ಮೇಲಿತ್ತು, ಪಟ್ಟಿಯೂ ಇತ್ತು. 2016ರ ಆ ಶುಕ್ರವಾರ ಬೆಳಗ್ಗೆ ಹೆದರಿ ಬಾಗಿಲು ತೆರೆದವನ ಬಳಿ ಏನಿದೆ? ಅಂದು ಅವನ ಅಂಗಡಿ ಎಂದಿನಂತೆ ತೆರೆದಿತ್ತು, ಅಷ್ಟೇ.