ಕೊಟ್ಟು ಕೆಟ್ಟವರ ಮಗಳು

ಪ್ರಾರ್ಥನಾ ಕೂಟಗಳಲ್ಲಿ ‘ಸಾಕ್ಷಿ’ ಹೇಳುವುದನ್ನು ಕೇಳಿದವರಿಗೆ ಅದರ ಕಟ್ಟು ಗೊತ್ತಿರುತ್ತದೆ. ಮೊದಲು ನಾನು ಲೋಕದಲ್ಲಿದ್ದೆ; ದುಡ್ಡು, ಕುಡಿತ, ಹಮ್ಮು ಎಲ್ಲ ಇತ್ತು. ಆಮೇಲೆ ಕರ್ತನು ನನ್ನನ್ನು ಹಿಡಿದ. ಈಗ ಲೋಕದ್ದು ಯಾವುದೂ ಬೇಡ. ಊರು ಬೇರೆಯಾದರೂ, ಹೇಳುವವರು ಬೇರೆಯಾದರೂ ಕಥೆ ಹೀಗೇ ಸಾಗುತ್ತದೆ. 1907ರಲ್ಲಿ ಪುಣೆಯ ಪೂರ್ವಕ್ಕಿರುವ ಕೇಡಗಾಂವದ ಮುಕ್ತಿ ಮಿಷನ್ನಿನಿಂದ ಹೊರಬಂದ ಪಂಡಿತಾ ರಮಾಬಾಯಿಯವರ ‘ಎ ಟೆಸ್ಟಿಮನಿ ಆಫ್ ಅವರ್ ಇನೆಕ್ಸಾಸ್ಟಿಬಲ್ ಟ್ರೆಷರ್’ ಎಂಬ ಸಣ್ಣ ಪುಸ್ತಕ ಹೆಸರಿನಿಂದಲೇ ಈ ಜಾತಿಗೆ ಸೇರಿದ್ದು. ಬತ್ತದ ಭಂಡಾರವೊಂದು ಸಿಕ್ಕಿತು, ಬತ್ತುವ ಭಂಡಾರಗಳನ್ನು ಬಿಟ್ಟೆ ಎಂಬ ಸಾಕ್ಷಿ. ಮಿಷನ್ ವಲಯದಲ್ಲಿ ಇಂದಿಗೂ ಅದನ್ನು ಹಾಗೆಯೇ ಓದುತ್ತಾರೆ, ಹಂಚುತ್ತಾರೆ.

ಆದರೆ ಪುಸ್ತಕ ತೆರೆದ ಕೂಡಲೇ ಈ ಕಟ್ಟು ಮುರಿದುಬೀಳುತ್ತದೆ. ಇಲ್ಲಿನ ‘ಮೊದಲು’ ಎಂಬ ಭಾಗದಲ್ಲಿ ಲೋಕವೇ ಇಲ್ಲ. ಅಲ್ಲಿರುವುದೂ ಭಕ್ತಿಯೇ, ಉಪವಾಸ, ತೀರ್ಥಯಾತ್ರೆ, ಪುರಾಣ ಪಠನ, ಕೈಬಿಚ್ಚಿ ಮಾಡಿದ ದಾನ. ಲೋಕವನ್ನು ಬಿಟ್ಟು ದೇವರ ಕಡೆ ಬಂದವಳ ಕಥೆಯಲ್ಲ ಇದು. ಲೋಕವನ್ನು ಆಗಲೇ ಬಿಟ್ಟು ಕೂತಿದ್ದ ಒಂದು ಮನೆತನದಲ್ಲಿ ಹುಟ್ಟಿ, ಆ ಬಿಡುವಿಕೆಯಿಂದ ಏನಾಯಿತೆಂದು ಕಣ್ಣಾರೆ ಕಂಡವಳ ಕಥೆ. ಪುಸ್ತಕದ ಬೆಲೆ ಇರುವುದು ಇಲ್ಲಿ. ಅದರ ತೊಡಕೂ ಇಲ್ಲಿಯೇ ಹುಟ್ಟುತ್ತದೆ.

ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕರಾವಳಿಯ ಕಡೆಯ ಚಿತ್ಪಾವನರು. ಎಳೆಯ ವಯಸ್ಸಿನಲ್ಲಿ ಪುಣೆಯ ಪೇಶ್ವೆಯ ಅರಮನೆಯಲ್ಲಿ ತಮ್ಮ ಗುರುಗಳು ರಾಣಿಗೆ ಸಂಸ್ಕೃತ ಹೇಳಿಕೊಡುವುದನ್ನು ನೋಡಿ, ತಮ್ಮ ಹೆಂಡತಿಗೂ ಕಲಿಸಬೇಕೆಂದು ಹಟ ಹಿಡಿದವರು. ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿಯೇ ಕಲಿಸಿದರು. ಅದಕ್ಕಾಗಿ ಉಡುಪಿಯಲ್ಲಿ ಪಂಡಿತರ ಸಭೆಗೆ ಉತ್ತರ ಹೇಳಬೇಕಾಯಿತು. ಕೊನೆಗೆ ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ರಮಾಬಾಯಿ ಹುಟ್ಟಿದ್ದು ಅಲ್ಲಿ, 1858ರ ಏಪ್ರಿಲ್ 23ರಂದು. ಮನೆಗೆ ಬಂದ ಯಾತ್ರಿಕರಿಗೆ, ಶಿಷ್ಯರಿಗೆ, ಅತಿಥಿಗಳಿಗೆ ಇಕ್ಕಿ ಇಕ್ಕಿಯೇ ಆಸ್ತಿ ಕರಗಿತು. ಮಗು ಆರು ತಿಂಗಳದ್ದಿರುವಾಗ ಅದನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಘಟ್ಟ ಇಳಿದು, ಸಂಸಾರವೇ ತೀರ್ಥಕ್ಷೇತ್ರಗಳ ದಾರಿ ಹಿಡಿಯಿತು. ಗುಡಿಗಳಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಇಟ್ಟ ಹಣ್ಣು, ಬಟ್ಟೆ, ಕಾಸಿನಲ್ಲಿ ಬದುಕುವುದು, ಉಳಿದದ್ದನ್ನು ಪುಣ್ಯಕ್ಕೆಂದು ಬ್ರಾಹ್ಮಣರಿಗೂ ದೇವರಿಗೂ ಕೊಟ್ಟುಬಿಡುವುದು. 1870ರ ದಶಕದ ಬರ ಬಂದಾಗ ಕೊಡಲೂ ಇರಲಿಲ್ಲ, ಉಣ್ಣಲೂ ಇರಲಿಲ್ಲ. ಕೂಲಿಗೆ ಹೋಗಲು ಜಾತಿಯ ಬಿಂಕ, ಭಿಕ್ಷೆ ಕೇಳಲು ನಾಚಿಕೆ. ತಿರುಪತಿಯ ಸೀಮೆಯ ಕಾಡಿನಲ್ಲಿ ಎಲೆ ತಿಂದು ದಿನ ನೂಕಿದರು. ತಂದೆ ಜಲಸಮಾಧಿಗೂ ಸಿದ್ಧರಾಗಿದ್ದರು.

‘ಕೊಟ್ಟು ಕೆಟ್ಟವರಿಲ್ಲ’ ಎಂದು ನಾವು ಸುಲಭವಾಗಿ ಹೇಳುತ್ತೇವೆ. ರಮಾಬಾಯಿ ಕಂಡದ್ದು ಕೊಟ್ಟು ಕೆಟ್ಟವರನ್ನೇ. ಬರದ ಅನುಭವಗಳ ಕುರಿತು ಅವರು 1897ರಲ್ಲಿ ಬರೆದ ಇನ್ನೊಂದು ಬರಹವನ್ನು ಇದರ ಜೊತೆಗಿಟ್ಟು ಓದಬೇಕು. ರಾಯಚೂರಿನಲ್ಲಿ ತಾಯಿ ಕೊನೆಯುಸಿರಿನಲ್ಲಿದ್ದಾಳೆ. ನೆರೆಮನೆಯ ಬಾಗಿಲಿಗೆ ಹೋದ ಹುಡುಗಿಗೆ ಒಂದು ತುಂಡು ಸಜ್ಜೆ ರೊಟ್ಟಿ ಬೇಕು, ಆದರೆ ಕೇಳಲು ಬಾಯಿ ಬರುವುದಿಲ್ಲ, ಅಳು ಬರುತ್ತದೆ. ಮನೆಯಾಕೆ ತಾನೇ ತಿಳಿದು ಕೊಡುತ್ತಾಳೆ. ತಾಯಿಗೆ ಅದನ್ನು ನುಂಗುವ ಶಕ್ತಿಯೂ ಉಳಿದಿರುವುದಿಲ್ಲ. ಹೆಣ ಹೊರಲು ಜನ ಸಾಲದೆ ಮಗಳೂ ಹೆಗಲು ಕೊಡಬೇಕಾಗುತ್ತದೆ. ಆಕೆ ಗಿಡ್ಡವಾದ್ದರಿಂದ ಚಟ್ಟದ ತುದಿಯನ್ನು ತಲೆಯ ಮೇಲೆ ಹೊರುತ್ತಾಳೆ. ಇಷ್ಟನ್ನು ಬರೆಯುವಾಗ ರಮಾಬಾಯಿ ದನಿ ಏರಿಸುವುದಿಲ್ಲ. ಅವರ ಇಂಗ್ಲಿಷ್ ಗದ್ಯ ಬೇರೆ ಕಡೆ ಮಿಷನರಿ ನುಡಿಗಟ್ಟುಗಳಿಂದ ಜಡವಾಗಿದೆ. ಇಂಥಲ್ಲಿ ಮಾತ್ರ ಅದು ಬರಿಗಾಲಲ್ಲಿ ನಡೆಯುತ್ತದೆ.

ಕೇಡಗಾಂವದಂತೆಯೇ ಪುರಂದರಗಡವೂ ಪುಣೆಯ ಸೀಮೆಯಲ್ಲಿದೆ. ನಮ್ಮ ಪುರಂದರದಾಸರ ಊರು ಅದೇ ಎಂಬುದು ಒಂದು ಹಳೆಯ ವಾದ. ಮಲೆನಾಡಿನ ಆರಗ ಎಂಬುದು ಇನ್ನೊಂದು. ಊರು ಯಾವುದೇ ಇರಲಿ, ಮೂಗುತಿಯ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು: ನವಕೋಟಿ ನಾರಾಯಣ ಒಂದೇ ದಿನದಲ್ಲಿ ಎಲ್ಲವನ್ನೂ ಬಿಟ್ಟು ಹೊರಟ. ಹೆಂಡತಿ ಮಕ್ಕಳು ಮರುದಿನ ಏನು ಉಂಡರು ಎಂದು ಹರಿಕಥೆಯಲ್ಲಿ ಯಾರೂ ಕೇಳುವುದಿಲ್ಲ. ರಮಾಬಾಯಿಯ ಪುಸ್ತಕ ಆ ಮರುದಿನದ್ದು. ಭಕ್ತಿಯ ಸಾಹಿತ್ಯದಲ್ಲಿ ಇದು ಅಪರೂಪದ ಜಾಗ. ಅಲ್ಲಿ ನಿಂತು ಬರೆದವರನ್ನು ನಾನು ಹೆಚ್ಚು ಕಂಡಿಲ್ಲ.

ನಡುವಿನ ಬದುಕನ್ನು ಪುಸ್ತಕವೂ ಬೇಗ ದಾಟುತ್ತದೆ, ನಾನೂ ದಾಟುತ್ತೇನೆ. ಅಣ್ಣ ಶ್ರೀನಿವಾಸನೊಡನೆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ 1878ರಲ್ಲಿ ಕಲ್ಕತ್ತ. ಭಾಗವತವನ್ನು ಬಾಯಲ್ಲಿ ಹೊತ್ತ ತರುಣಿಗೆ ಅಲ್ಲಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳು. ಅಣ್ಣನ ಸಾವು, 1880ರಲ್ಲಿ ಬಂಗಾಳಿ ವಕೀಲರೊಬ್ಬರೊಡನೆ ಮದುವೆ, ಮಗಳು ಮನೋರಮಾ, 1882ರ ಫೆಬ್ರವರಿಯಲ್ಲಿ ಕಾಲರಾಕ್ಕೆ ಗಂಡನ ಬಲಿ. ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ. 1883ರಲ್ಲಿ ಇಂಗ್ಲೆಂಡ್, ವಾಂಟೇಜಿನ ಕನ್ಯಾಮಠದಲ್ಲಿ ದೀಕ್ಷಾಸ್ನಾನ. ಆಮೇಲೆ ಅಮೆರಿಕ. 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ. ಮುಂದಿನ ವರ್ಷ ಅದು ಪುಣೆಗೆ ಬಂತು. ಪುಣೆಯ ಸಭ್ಯರು ಪಂಚಹೌದ್ ಮಿಷನ್ನಿನಲ್ಲಿ ಒಂದು ಕಪ್ ಚಹಾ ಕುಡಿದರೆಂದು ಊರೇ ಪ್ರಾಯಶ್ಚಿತ್ತದ ಗದ್ದಲದಲ್ಲಿ ಮುಳುಗಿದ್ದೂ ಆ ಕಾಲದಲ್ಲೇ. ಲೋಕದ ವ್ಯಾಮೋಹ ಎಂದರೆ ಬಂಗಾರ, ಭೂಮಿ ಎಂದೇ ನಾವು ಎಣಿಸುತ್ತೇವೆ. ಚಹಾದ ಲೋಟವೂ ಸಾಕಾಗುತ್ತದೆ.

ಊಟದ ಮಾತು ಬಂದದ್ದರಿಂದ ವಾಂಟೇಜಿನ ಪತ್ರಗಳನ್ನು ನೆನೆಯಬೇಕು. ಎ. ಬಿ. ಶಾ ಸಂಪಾದಿಸಿದ ಈ ಪತ್ರಸಂಗ್ರಹ 1977ರಲ್ಲಿ ಬಂತು. ದೀಕ್ಷೆ ಪಡೆದ ಮೇಲೂ ರಮಾಬಾಯಿ ಮಾಂಸ, ಮೊಟ್ಟೆ ಮುಟ್ಟಲಿಲ್ಲ. ಅವರ ಆಧ್ಯಾತ್ಮಿಕ ತಾಯಿಯ ಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡೀನರಿಗೆ ಇದು ಹಳೆಯ ಜಾತಿಯ ಹೆಮ್ಮೆಯಾಗಿ, ಬಿಡದ ಅಂಟಾಗಿ ಕಂಡಿತು. ರಮಾಬಾಯಿಗೆ ಹಾಗನ್ನಿಸಲಿಲ್ಲ. ಕ್ರಿಸ್ತನನ್ನು ಒಪ್ಪಿದ ಮಾತ್ರಕ್ಕೆ ಇಂಗ್ಲಿಷರ ಅಡುಗೆಮನೆಯನ್ನೂ ಒಪ್ಪಬೇಕೇ ಎಂಬ ಧಾಟಿಯಲ್ಲಿ ಅವರು ಜಗಳವಾಡಿದರು. ತಾನು ಬಿಳಿ ಸೀರೆಯುಟ್ಟ ಹಿಂದೂ ಹೆಂಗಸೇ ಎಂದೂ, ಒಳ್ಳೆಯ ಪದ್ಧತಿಗಳನ್ನು ಬಿಡಬೇಕಿಲ್ಲ ಎಂದೂ ಅವರ ನಿಲುವು. ಯಾರ ಕಣ್ಣಿಗೆ ಯಾವುದು ಲೋಕ, ಯಾವುದು ದೇವರು ಎಂಬ ಪ್ರಶ್ನೆಗೆ ಇಷ್ಟು ಚುರುಕಾದ ಪಠ್ಯ ಭಾರತದ ಕ್ರೈಸ್ತ ಬರವಣಿಗೆಯಲ್ಲಿ ಹೆಚ್ಚಿಲ್ಲ. ದುರ್ದೈವವೆಂದರೆ, ಇಪ್ಪತ್ತು ವರ್ಷಗಳ ಮೇಲೆ ಬರೆದ ಸಾಕ್ಷಿಯಲ್ಲಿ ಈ ಜಗಳಗಂಟಿ ಹೆಂಗಸು ಕಾಣುವುದೇ ಇಲ್ಲ. 1891ರ ಸುಮಾರಿಗೆ ಆದ ಎರಡನೆಯ ಮಾರ್ಪಾಟಿನ ಬೆಳಕಿನಲ್ಲಿ ಅವರು ಹಿಂದಿನದನ್ನೆಲ್ಲ ತಿದ್ದಿ ನೋಡುತ್ತಾರೆ: ಆಗ ನನಗೆ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಮಾತು. ಸಾಕ್ಷಿಯೆಂಬ ಪ್ರಕಾರವು ಇಲ್ಲಿ ಬರೆದವರ ಮೇಲೆಯೇ ಸವಾರಿ ಮಾಡಿದೆ.

ಪುಸ್ತಕದ ಕೊನೆಯ ಭಾಗ ಕೇಡಗಾಂವದ್ದು. ಪುಣೆ–ದೌಂಡ್ ರೈಲುದಾರಿಯ ಬಳಿ ಕೊಂಡ ಬರಡು ಭೂಮಿ, ತೋಡಿಸಿದ ಬಾವಿಗಳು. 1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ ತಾವೇ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. 1897ರಲ್ಲಿ ಪುಣೆಯಲ್ಲಿ ಪ್ಲೇಗು. ಬಂದವರಿಗೆಲ್ಲ ಕೇಡಗಾಂವವೇ ನೆಲೆಯಾಯಿತು. 1900ರ ಹೊತ್ತಿಗೆ, ಗುಜರಾತದ ಬರದಿಂದ ಬಂದವರೂ ಸೇರಿ, ಅಲ್ಲಿದ್ದವರು ಎರಡು ಸಾವಿರದ ಹತ್ತಿರ. ಬೋಸ್ಟನ್ನಿನ ರಮಾಬಾಯಿ ಅಸೋಸಿಯೇಷನ್ ಮಾತು ಕೊಟ್ಟಿದ್ದ ಹತ್ತು ವರ್ಷಗಳ ನೆರವು ಅಷ್ಟರಲ್ಲಿ ಮುಗಿದಿತ್ತು. ಬ್ರಿಸ್ಟಲ್ಲಿನ ಅನಾಥಾಲಯದ ಜಾರ್ಜ್ ಮುಲ್ಲರನ ಹಾಗೆ ಯಾರನ್ನೂ ಕೇಳದೆ ದೇವರನ್ನೇ ನೆಚ್ಚುತ್ತೇನೆ ಎಂದು ರಮಾಬಾಯಿ ನಿರ್ಧರಿಸಿದರು. ಮುಲ್ಲರನ ಪುಸ್ತಕ ಓದಿದಾಗ ಅವರಿಗೆ ಬಂದ ಪ್ರಶ್ನೆ ಚೆನ್ನಾಗಿದೆ: ಇದು ಇಂಡಿಯಾದಲ್ಲೂ ನಡೆಯುತ್ತದೆಯೇ?

ನಡೆಯಿತು. ಆದರೆ ತಂದೆಯ ರೀತಿಯಲ್ಲಲ್ಲ. ಕೇಡಗಾಂವದಲ್ಲಿ ನೇಯ್ಗೆ, ಗಾಣ, ಹೈನು, ತೋಟ, ಹೊಲಿಗೆ, ಮುದ್ರಣಾಲಯ ಎಲ್ಲವೂ ಇದ್ದವು. ಕುರುಡು ಹೆಣ್ಣುಮಕ್ಕಳಿಗೆ ಬೇರೆ ಮನೆಯೇ ಇತ್ತು. ಬ್ರಾಹ್ಮಣ ವಿಧವೆಯೂ ಬೀಸಬೇಕು, ನೇಯಬೇಕು. ಅನಂತಶಾಸ್ತ್ರಿ ಕೂಲಿಗೆ ಹೋಗಲಾರದೆ ಸತ್ತದ್ದಕ್ಕೆ ಮಗಳು ಕೊಟ್ಟ ಉತ್ತರ ಇದು. ಕಾಯಕ ಎಂಬುದನ್ನು ಬಲ್ಲ ಕನ್ನಡದ ಓದುಗರು ಇಲ್ಲಿ ತಲೆದೂಗಬಹುದು. ರಮಾಬಾಯಿಯ ದೈವಭಕ್ತಿ ವಸ್ತುಗಳನ್ನು ಬಿಡುವ ಭಕ್ತಿಯಲ್ಲ, ಅವನ್ನು ಎಣಿಸುವ ಭಕ್ತಿ: ಬಾವಿಯಲ್ಲಿ ನೀರೆಷ್ಟು, ಉಗ್ರಾಣದಲ್ಲಿ ಜೋಳ ಎಷ್ಟು ದಿನಕ್ಕೆ, ಈ ವಾರ ಬಂದ ಹಣವೆಷ್ಟು. ಉಪದೇಶಿಗಳು ಈ ಪುಟಗಳನ್ನು ಪವಾಡವೆಂದು ಓದಿ ಮುಂದೆ ಹೋಗುತ್ತಾರೆ. ನನಗೆ ಅವು ಜಮಾಖರ್ಚಿನ ಪುಟಗಳಾಗಿಯೇ ರುಚಿಸುತ್ತವೆ. ಹಸಿವನ್ನು ಬಲ್ಲವರು ಮಾತ್ರ ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಇಡುತ್ತಾರೆ.

ಆಕ್ಷೇಪಗಳಿಗೆ ಬರೋಣ. ತಂದೆ ಎಲ್ಲವನ್ನೂ ದೇವರಿಗೆ ಬಿಟ್ಟು ಕಾದರು, ಅನ್ನ ಬರಲಿಲ್ಲ. ಮಗಳೂ ಎಲ್ಲವನ್ನೂ ದೇವರಿಗೆ ಬಿಟ್ಟು ಕಾದರು, ಚೆಕ್ಕು ಬಂತು. ಮೊದಲನೆಯದು ಸುಳ್ಳು ದೇವರನ್ನು ನಂಬಿದ್ದರ ಫಲ, ಎರಡನೆಯದು ನಿಜ ದೇವರನ್ನು ನಂಬಿದ್ದರ ಫಲ ಎಂಬುದು ಪುಸ್ತಕದ ವಾದ. ಈ ವಾದ ನಿಲ್ಲುವುದಿಲ್ಲ. ಕೇಳದೆಯೇ ಬಂದ ಹಣದ ಹಿಂದೆ 1886ರಿಂದ 1888ರವರೆಗೆ ಅಮೆರಿಕದ ಊರೂರು ಸುತ್ತಿ ಮಾಡಿದ ಭಾಷಣಗಳಿವೆ, 1887ರ ‘ದಿ ಹೈಕಾಸ್ಟ್ ಹಿಂದೂ ವುಮನ್’ ಇದೆ, ಪ್ರಾರ್ಥನಾಪತ್ರಗಳನ್ನು ಅಚ್ಚುಹಾಕಿ ಕಡಲಾಚೆ ಕಳಿಸುವ ಸ್ವಂತ ಮುದ್ರಣಾಲಯವಿದೆ. ಅನಂತಶಾಸ್ತ್ರಿಗೆ ಇದ್ದದ್ದು ಗುಡಿಯ ಕಟ್ಟೆ ಮಾತ್ರ, ಕೇಳುವವರೂ ಬರದಲ್ಲಿ ಬೆಂದವರೇ. ಲೆಕ್ಕದಲ್ಲಿ ಇಷ್ಟು ಜಾಣೆಯಾದ ಲೇಖಕಿ ಈ ಒಂದು ಬಾಬನ್ನು ಮಾತ್ರ ದೇವರ ಹೆಸರಿಗೇ ಬರೆದುಬಿಟ್ಟರು.

ಎರಡನೆಯದು ಇನ್ನೂ ಭಾರವಾದದ್ದು. ಬರದ ಊರಿನಿಂದ ಎತ್ತಿ ತಂದ ಹುಡುಗಿ ಅನ್ನ ಕೊಟ್ಟ ಮನೆಯ ಧರ್ಮಕ್ಕೆ ಬೇಡವೆನ್ನುವುದು ಹೇಗೆ? 1893ರಲ್ಲಿ ಮತಾಂತರದ ಆರೋಪ ಹೊರಿಸಿ ಶಾರದಾ ಸದನದ ಮೇಲೆ ತಿಲಕರ ‘ಕೇಸರಿ’ ಪತ್ರಿಕೆ ಹಾಯ್ದು ಬಿದ್ದಾಗ ಅದರಲ್ಲಿ ವಿಷವೂ ಇತ್ತು, ವಿಧವೆಯರು ಓದುವುದರ ಬಗ್ಗೆ ಅಸಹನೆಯೂ ಇತ್ತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರಕರರಂಥವರೂ ಹಿಂದೆ ಸರಿದರು. ಕೇಳಿದವರ ಬುದ್ಧಿ ಕೆಟ್ಟದ್ದಿದ್ದರೂ ಪ್ರಶ್ನೆ ಕೆಟ್ಟದ್ದಲ್ಲ. 1905ರಲ್ಲಿ ಮುಕ್ತಿಯ ಹುಡುಗಿಯರು ರಾತ್ರಿಯಿಡೀ ಅತ್ತು, ಕೂಗಿ, ಪ್ರಾರ್ಥಿಸಿದ ‘ಉಜ್ಜೀವನ’ ಲೋಕದ ತುಂಬ ಸುದ್ದಿಯಾಯಿತು. ಎರಡು ವರ್ಷದ ಮೇಲೆ ಬಂದ ಸಾಕ್ಷಿಯಲ್ಲಿ ಆ ಹುಡುಗಿಯರಲ್ಲಿ ಒಬ್ಬಳ ದನಿಯೂ ನನಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಅವರು ಬತ್ತದ ಭಂಡಾರಕ್ಕೆ ಪುರಾವೆಯಾಗಿ ನಿಲ್ಲುತ್ತಾರೆ, ಅಷ್ಟೇ.

ಇಷ್ಟಾದರೂ ಪುಸ್ತಕ ತನ್ನ ವಾದಕ್ಕಿಂತ ದೊಡ್ಡದಾಗುವ ಒಂದು ಜಾಗವಿದೆ. ಸಾಯುವ ಮುನ್ನ ತಂದೆ ಕಡುಬಲಹೀನವಾದ ಕೈಗಳಿಂದ ಕಿರಿಮಗಳನ್ನು ಅಪ್ಪಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಅವನವಳು, ಬದುಕಿಡೀ ಅವನ ಸೇವೆಯನ್ನೇ ಮಾಡು ಎಂಬ ಅರ್ಥದ ಮಾತು ಹೇಳುತ್ತಾರೆ. ತಂದೆಯ ದೇವರುಗಳನ್ನೆಲ್ಲ ತಳ್ಳಿಹಾಕಿದ ಮಗಳು ಈ ಒಪ್ಪಿಸುವಿಕೆಯನ್ನು ತಳ್ಳಲಾರಳು. ತಂದೆ ತಿಳಿಯದ ದೇವರನ್ನು ಪೂರ್ಣ ಮನಸ್ಸಿನಿಂದ ಸೇವಿಸಿದರು ಎಂದು ಬರೆಯುತ್ತಾಳೆ. ಅನಂತಶಾಸ್ತ್ರಿ ಮಾಡಿದ ಕೊನೆಯ ದಾನ ಅದು. ಇಡೀ ಕೇಡಗಾಂವ ನಿಂತಿರುವುದು ಆ ದಾನದ ಮೇಲೆ ಎಂದು ಪುಸ್ತಕ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮುಚ್ಚಿಡಲೂ ಅದಕ್ಕೆ ಆಗಿಲ್ಲ.

ರಮಾಬಾಯಿ ನಿಜವಾಗಿ ಏನನ್ನು ಬಿಟ್ಟರು ಎಂದು ಕೇಳಿದರೆ ನಾನು ಸಂಸ್ಕೃತ ಎನ್ನುತ್ತೇನೆ. ಬಂಗಾರ ಅವರ ಮನೆಯಲ್ಲಿ ಮೊದಲೇ ಉಳಿದಿರಲಿಲ್ಲ. ತಂದೆತಾಯಿಯಿಂದ ಬಂದ ಒಂದೇ ಆಸ್ತಿ ಆ ಭಾಷೆ. ಕೊನೆಯ ವರ್ಷಗಳಲ್ಲಿ ಅವರು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಹಳ್ಳಿಯ ಹೆಂಗಸರಿಗೂ ತಿಳಿಯಬೇಕು, ವೇದಾಂತದ ವಾಸನೆ ತಾಗಬಾರದು ಎಂದು ಸಂಸ್ಕೃತದ ಮಾತುಗಳನ್ನು ಹುಡುಕಿ ಹುಡುಕಿ ಹೊರಗಿಟ್ಟರು. ಫಲವಾಗಿ ಬಂದ ಗದ್ಯ ಬಿಗುವಾಯಿತು, ಓದಿಸಿಕೊಳ್ಳುವುದಿಲ್ಲ ಎಂಬ ದೂರು ಅಂದಿನಿಂದಲೂ ಇದೆ. ಇದು ತ್ಯಾಗವೇ ಸರಿ, ಆದರೆ ಅಗತ್ಯವಿದ್ದ ತ್ಯಾಗ ಎಂದು ನನಗನ್ನಿಸುವುದಿಲ್ಲ. ಗುಲ್ಬರ್ಗದಲ್ಲಿ 1912ರಲ್ಲಿ ಶಾಲೆ ತೆರೆದು ಕನ್ನಡನಾಡಿನ ನಂಟನ್ನು ಮತ್ತೆ ಕುದುರಿಸಿದ್ದ ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು. ಬೈಬಲಿನ ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ರಮಾಬಾಯಿ.

ಈ ಪುಸ್ತಕದಲ್ಲಿ ನನಗೆ ಕೊರತೆಯೆನಿಸುವುದು ನಗು. ಅದನ್ನು ತುಂಬಿಕೊಳ್ಳಲು ಮರಾಠಿಯದೇ ಇನ್ನೊಂದು ಕ್ರೈಸ್ತ ಆತ್ಮಕಥೆಯನ್ನು ಜೊತೆಗಿಟ್ಟುಕೊಳ್ಳಬೇಕು: ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’. ಗಂಡ ನಾರಾಯಣ ವಾಮನ ಟಿಳಕರು ಕವಿ. 1895ರಲ್ಲಿ ಕ್ರೈಸ್ತರಾದವರು, 1917ರಲ್ಲಿ ಮಿಷನ್ನಿನ ಸಂಬಳವನ್ನೇ ಬಿಟ್ಟು ಹೊರಟವರು, ಕೈಗೆ ಸಿಕ್ಕದ್ದನ್ನು ಯಾರಿಗೆಂದರೆ ಅವರಿಗೆ ಕೊಟ್ಟುಬಿಡುತ್ತಿದ್ದವರು. ಮನೆ ನಡೆಸಬೇಕಾದವಳು ಹೆಂಡತಿ. ಐದು ವರ್ಷ ಗಂಡನೊಡನೆ ಗುದ್ದಾಡಿ 1900ರಲ್ಲಿ ಆಕೆಯೂ ಕ್ರೈಸ್ತಳಾದಳು, ಆದರೆ ಕೊಡುಗೈಯ ಭಕ್ತನನ್ನು ಕಟ್ಟಿಕೊಂಡ ಪಾಡನ್ನು ನಗುತ್ತ ಬರೆಯುವುದನ್ನು ಬಿಡಲಿಲ್ಲ. ರಮಾಬಾಯಿಯ ತಾಯಿಯ ಹೆಸರೂ ಲಕ್ಷ್ಮೀಬಾಯಿಯೇ. ಗಂಗಾಮೂಲದ ಮನೆ ಕರಗುವಾಗ ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ಮಗಳು ಬಿಡಿಸಿ ಹೇಳಿಲ್ಲ. ಅಂಥ ಮನೆಯ ಗೃಹಿಣಿ ಏನೇನು ಹೇಳಬಹುದಿತ್ತು ಎಂಬುದು ನಾಲ್ಕು ಭಾಗಗಳ ಸ್ಮೃತಿಚಿತ್ರೆಯಲ್ಲಿದೆ.